ಕ್ಯೂಟಿ 6 ರಿವ್ಯೂ: ಬಟನ್ ನೋಡಿ ಟೂಲ್‌ಕಿಟ್ ಆರಿಸ್ಬೇಡಿ, ಅದರ ಕೆಳಗೆ ಏನಿದೆ ನೋಡಿ

ನಂದು ಚಿಕ್ಕಮಗಳೂರಲ್ಲಿ ಸಾಫ್ಟ್‌ವೇರ್ ಕೆಲಸ, ಆದ್ರೆ ಬೆಂಗಳೂರಿನವರು ಮಾಡೋ ತರದ್ದಲ್ಲ. ಬೆಳೆಗಾರರ ಹತ್ರ ಚೆರ್ರಿ, ಪಾರ್ಚ್‌ಮೆಂಟ್ ಅಂತ ಒಣಗಿಸಿದ ಕಾಫಿ ಕೊಳ್ಳೋ ವ್ಯಾಪಾರಿಗಳಿಗೆ ತೂಕದ ಚೀಟಿ, ಓಟಿ (ಮೂಟೆಗೆ ಎಷ್ಟು ಬೀಜ ಬರುತ್ತೆ ಅನ್ನೋ) ಲೆಕ್ಕ, ಪಾರ್ಟಿಗಳ ಖಾತೆ, ಬಿಲ್ಲು, ಇಷ್ಟು ಮಾಡೋ ಸಣ್ಣ ಪ್ರೋಗ್ರಾಂ ಬರ್ದುಕೊಡ್ತೀನಿ. ಊರಲ್ಲಿ, ಆಲ್ದೂರಲ್ಲಿ, ಮೂಡಿಗೆರೆ ಕಡೆ ಒಂದಿಷ್ಟು ಅಂಗಡಿಗಳಲ್ಲಿ ಓಡ್ತಿದೆ. ಮೊದಲು ಪೈಥಾನ್ ಭಾಷೆ ಜೊತೆ ಬರೋ ಟಿಕೆಇಂಟರ್ ಅನ್ನೋ ಟೂಲ್‌ಕಿಟ್‌ನಲ್ಲಿತ್ತು (ಟೂಲ್‌ಕಿಟ್ ಅಂದ್ರೆ ಬಟನ್ನು, ಮೆನು, ಫಾರ್ಮು ಮಾಡ್ಕೊಡೋ ರೆಡಿ ಲೈಬ್ರರಿ), ಈಗ ಪೂರ್ತಿ ಕ್ಯೂಟಿ 6ಕ್ಕೆ, ಅಂದ್ರೆ ಅದರ ಪೈಥಾನ್ ರೂಪ ಪೈಸೈಡ್ 6ಕ್ಕೆ ತಂದಾಯ್ತು, ಈ ಸಲದ ಕೊಯ್ಲೆಲ್ಲಾ ಅದರ ಮೇಲೇ ನಡೀತು. ಮಾರ್ಕ್ಸ್ ಮೊದ್ಲೇ ಹೇಳ್ಬಿಡ್ತೀನಿ, ಐದಕ್ಕೆ ನಾಲ್ಕು. ಆ ನಾಲ್ಕು ಯಾಕೆ ಕೊಟ್ಟೆ ಅನ್ನೋದರಲ್ಲಿ ಬಟನ್, ಕಲರ್, ಥೀಮ್ ಕತೆ ಕಮ್ಮಿ ಇದೆ, ಬೇಕಿದ್ದವರು ಅದಕ್ಕೆ ಬೇರೆ ರಿವ್ಯೂ ನೋಡ್ಕೊಳ್ಳಿ.

ಬದಲಾಯಿಸಿದ ದಿನ ಒಬ್ಬ ಸಾಹುಕಾರ್ರು ಸ್ಕ್ರೀನ್ ನೋಡಿ "ಏನಪ್ಪಾ, ಎಲ್ಲಾ ಮೊದಲಿನ ತರಾನೇ ಇದ್ಯಲ್ಲ, ದುಡ್ಡು ಯಾವುದಕ್ಕೆ ಕೊಡ್ಬೇಕು" ಅಂದ್ರು. ನ್ಯಾಯವಾದ ಪ್ರಶ್ನೆ. "ಅಣ್ಣಾ, ಬದಲಾಗಿರೋದು ಕಾಣೋ ಜಾಗದಲ್ಲಿಲ್ಲ" ಅಂದೆ. ಅವರು ನಗಲಿಲ್ಲ, ಚೆಕ್ ಬರೆಯೋಕೆ ಟೈಮ್ ತಗೊಂಡ್ರು.

ವಿಷಯ ಏನಂದ್ರೆ ಸ್ಕ್ರೀನ್ ಮೇಲೆ ಕಾಣೋ ಕಿಟಕಿ, ಅಂದ್ರೆ ವಿಂಡೋ, ಒಬ್ಬರದ್ದು, ಅದರೊಳಗಿನ ಬಟನ್ನು ಇನ್ನೊಬ್ಬರದ್ದು. ಲಿನಕ್ಸ್‌ನಲ್ಲಿ ಬಹಳ ಕಾಲ ಕಿಟಕಿಯ ಯಜಮಾನಿಕೆ ಎಕ್ಸ್ ವಿಂಡೋ ಸಿಸ್ಟಮ್‌ದು. 1984ರಲ್ಲಿ ಎಂಐಟಿಯಲ್ಲಿ ಬಾಬ್ ಶೈಫ್ಲರ್, ಜಿಮ್ ಗೆಟ್ಟಿಸ್ ಇವರೆಲ್ಲ ಶುರು ಮಾಡಿದ್ದು, 1987ರಲ್ಲಿ ಎಕ್ಸ್11 ಅನ್ನೋ ಹನ್ನೊಂದನೇ ಆವೃತ್ತಿ ಬಂತು, ಇವತ್ತಿಗೂ ಅದೇ ಹನ್ನೊಂದು. ಈ ಎಕ್ಸ್‌ಗೆ ಬಟನ್ ಅಂದ್ರೆ ಗೊತ್ತಿಲ್ಲ, ಮೆನು ಗೊತ್ತಿಲ್ಲ, ಟೆಕ್ಸ್ಟ್‌ಬಾಕ್ಸ್ ಗೊತ್ತಿಲ್ಲ. ಚೌಕ ಗೊತ್ತು, ಗೆರೆ ಗೊತ್ತು, ಅಕ್ಷರ ಗೊತ್ತು, ಮೌಸ್ ಎಲ್ಲಿ ಒತ್ತಿದ್ರು ಅಂತ ಗೊತ್ತು, ಅಷ್ಟೆ. ಹದ್ದುಬಸ್ತು ಮಾಡಿ ಖಾಲಿ ಸೈಟು ಕೊಡೋ ಪಂಚಾಯ್ತಿ ಇದ್ದಂಗೆ, ಮನೆ ಹೆಂಚಿಂದೋ ಆರ್‌ಸಿಸಿದೋ ಅನ್ನೋದು ಅವರಿಗೆ ಸಂಬಂಧ ಇಲ್ಲ. ಬೇಕಂತಾನೇ ಹಾಗೆ ಮಾಡಿದ್ದು, ಸೌಕರ್ಯ ನಾವು ಕೊಡ್ತೀವಿ, ರೀತಿನೀತಿ ನೀವು ನೋಡ್ಕೊಳ್ಳಿ ಅಂತ. ಕಿಟಕಿಯ ಮೇಲಿನ ಪಟ್ಟಿ, ಮುಚ್ಚೋ ಗುಂಡಿ, ಅದನ್ನೂ ಎಕ್ಸ್ ಬಿಡಿಸಲ್ಲ, ವಿಂಡೋ ಮ್ಯಾನೇಜರ್ ಅನ್ನೋ ಬೇರೇನೇ ಪ್ರೋಗ್ರಾಂ ಬಿಡಿಸುತ್ತೆ.

ವಿಂಡೋಸ್‌ನ ವಿಬಿ6 (ವಿಷುವಲ್ ಬೇಸಿಕ್ 6) ಕಾಲದಿಂದ ಬಂದವರಿಗೆ ಇದು ತಲೆಗೆ ಹೋಗೋದು ಸ್ವಲ್ಪ ಕಷ್ಟ. ಯಾಕಂದ್ರೆ ವಿಂಡೋಸ್‌ನಲ್ಲಿ ಬಟನ್ನು, ಎಡಿಟ್ ಬಾಕ್ಸು, ಲಿಸ್ಟ್ ಬಾಕ್ಸು ಆಪರೇಟಿಂಗ್ ಸಿಸ್ಟಮ್ಮೇ ಕೊಡುತ್ತೆ, ಯೂಸರ್32 ಅನ್ನೋ ವಿಂಡೋಸ್‌ನದ್ದೇ ಲೈಬ್ರರಿ ಫೈಲ್ (ಡಿಎಲ್‌ಎಲ್) ಒಳಗೇ ಇವೆ, ಪ್ರತಿ ಬಟನ್ನೂ ಸ್ವತಃ ಒಂದು ಪುಟ್ಟ ಕಿಟಕಿ, ಅದಕ್ಕೊಂದು ಹ್ಯಾಂಡಲ್ ನಂಬರು. ಹಾಗಾಗಿ ಟೂಲ್‌ಕಿಟ್ ಬೇರೆ, ಕಿಟಕಿ ವ್ಯವಸ್ಥೆ ಬೇರೆ ಅನ್ನೋ ಗೆರೆನೇ ಅಲ್ಲಿ ಮಸುಕು. ಲಿನಕ್ಸ್‌ಗೆ ಬಂದು "ಒಂದೇ ಮಿಷನ್‌ನಲ್ಲಿ ಒಂದೊಂದು ಆ್ಯಪ್‌ನ ಬಟನ್ ಒಂದೊಂದು ತರ ಯಾಕಿದೆ" ಅಂತ ಕೇಳ್ತಾರಲ್ಲ, ಅದಕ್ಕೆ ಉತ್ತರ ಇದೇ.

ಎಕ್ಸ್ ಬಿಟ್ಟ ಖಾಲಿ ಜಾಗ ತುಂಬೋಕೆ ಬಂದವೇ ಟೂಲ್‌ಕಿಟ್‌ಗಳು. ಮೊದಲು ಎಕ್ಸ್‌ಟಿ ಅನ್ನೋ ಅಡಿಪಾಯದ ಲೈಬ್ರರಿ, ಅದರ ಮೇಲೆ ಅಥೀನಾ ವಿಜೆಟ್‌ಗಳು (ವಿಜೆಟ್ ಅಂದ್ರೆ ಬಟನ್ನು, ಡಬ್ಬಿ, ಲಿಸ್ಟು ಇಂಥವು), ನೋಡೋಕೆ ಪರಮ ಕುರೂಪ. ಆಮೇಲೆ ಮೋಟಿಫ್, ನೋಡೋಕೆ ಪರವಾಗಿಲ್ಲ ಆದ್ರೆ ಆಗ ದುಡ್ಡು ಕೊಟ್ಟು ಲೈಸೆನ್ಸ್ ತಗೋಬೇಕಿತ್ತು. ಬರ್ಕ್ಲಿಯಲ್ಲಿ ಗಿಂಪ್ ಅನ್ನೋ ಫೋಟೊ ಎಡಿಟರ್ ಬರೀತಿದ್ದ ಸ್ಪೆನ್ಸರ್ ಕಿಂಬಲ್, ಪೀಟರ್ ಮ್ಯಾಟಿಸ್ ಇಬ್ಬರೂ ಆ ಮೋಟಿಫ್ ಸಾಕಪ್ಪಾ ಅಂತ ಬಿಟ್ಟು ತಮ್ಮದೇ ಟೂಲ್‌ಕಿಟ್ ಮಾಡ್ಕೊಂಡ್ರು, ಅದೇ ಜಿಟಿಕೆ, 1998ರಲ್ಲಿ 1.0 ಬಂತು. ಅದಕ್ಕೂ ಮುಂಚೆ ನಾರ್ವೆಯಲ್ಲಿ ಹಾವಾರ್ಡ್ ನೂರ್ಡ್, ಐರಿಕ್ ಚಾಂಬೆ-ಎಂಗ್ ಅನ್ನೋ ಇಬ್ಬರು ಕ್ಯೂಟಿ ಶುರು ಮಾಡಿದ್ರು, 1995ರಲ್ಲಿ ಜನಕ್ಕೆ ಸಿಕ್ತು. ಮುಂದೆ ಜಿಟಿಕೆ ಮೇಲೆ ಗ್ನೋಮ್ ಅನ್ನೋ ಲಿನಕ್ಸ್ ಡೆಸ್ಕ್‌ಟಾಪ್ ಬೆಳೀತು, ಕ್ಯೂಟಿ ಮೇಲೆ ಕೆಡಿಇ ಅನ್ನೋ ಇನ್ನೊಂದು ಬೆಳೀತು, ಇಬ್ಬರ ಅಭಿಮಾನಿಗಳ ಜಗಳವೂ ಬೆಳೀತು, ಅದು ಇವತ್ತಿಗೂ ಮುಗಿದಿಲ್ಲ.

ಇಲ್ಲಿ ಟೂಲ್‌ಕಿಟ್‌ಗಳಲ್ಲಿ ಎರಡು ಜಾತಿ ಆಗುತ್ತೆ. ಒಂದು ಜಾತಿ ಕೆಳಗಿರೋ ವ್ಯವಸ್ಥೆಯ ಬಟನ್ನನ್ನೇ ತಂದು ನಿಮಗೆ ತೋರಿಸುತ್ತೆ. ಜಾವಾದ ಹಳೇ ಎಡಬ್ಲ್ಯುಟಿ ಹಾಗಿತ್ತು, ಎಕ್ಲಿಪ್ಸ್ ಅನ್ನೋ ಕೋಡ್ ಬರೆಯೋ ಆ್ಯಪ್‌ಗೋಸ್ಕರ ಐಬಿಎಂ ಮಾಡಿದ ಎಸ್‌ಡಬ್ಲ್ಯುಟಿ ಹಾಗೆ, 1992ರಿಂದ ಇರೋ ಡಬ್ಲ್ಯುಎಕ್ಸ್‌ವಿಜೆಟ್ಸ್ ಹಾಗೆ. ಇನ್ನೊಂದು ಜಾತಿ ಕೆಳಗಿನವರ ಹತ್ರ ಒಂದು ಖಾಲಿ ಚೌಕ ಮಾತ್ರ ಇಸ್ಕೊಂಡು ಒಳಗಿಂದೆಲ್ಲಾ ತಾನೇ ಬಿಡಿಸುತ್ತೆ. ಜಾವಾ ಸ್ವಿಂಗ್ ಹಂಗೆ, ಕ್ಯೂಟಿ ಹಂಗೆ, ಫ್ಲಟರ್ ಹಂಗೆ. ಮೊದಲ ಜಾತಿಯಲ್ಲಿ ಆ್ಯಪ್ ಆಯಾ ಊರಿನ ಮಗು ತರ ಕಾಣುತ್ತೆ, ಆದ್ರೆ ಆಯಾ ಊರಿನ ರೋಗವೂ ಬರುತ್ತೆ, ವಿಂಡೋಸ್‌ನಲ್ಲಿ ಸರಿ ಇದ್ದದ್ದು ಲಿನಕ್ಸ್‌ನಲ್ಲಿ ಅರ್ಧ ಕಟ್ ಆಗಿ ಕೂತಿರುತ್ತೆ. ಡಬ್ಲ್ಯುಎಕ್ಸ್ ಲಿನಕ್ಸ್‌ನಲ್ಲಿ ಜಿಟಿಕೆ ಮೇಲೆ ಕೂರುತ್ತೆ, ಜಿಟಿಕೆ ಜಿಡಿಕೆ ಅನ್ನೋ ತನ್ನದೇ ಕೆಳಪದರದ ಮೇಲೆ, ಜಿಡಿಕೆ ಎಕ್ಸ್ ಅಥವಾ ಎಕ್ಸ್ ಜಾಗಕ್ಕೆ ಬರ್ತಿರೋ ವೇಲ್ಯಾಂಡ್ ಮೇಲೆ, ಒಂದು ಕ್ಲಿಕ್ ಎಲ್ಲಿ ಕಳೆದುಹೋಯ್ತು ಅಂತ ಹುಡುಕೋದು ಅಂದ್ರೆ ಆವತ್ತಿನ ಊಟ ಮರೆತುಬಿಡಿ.

ನನಗೆ ಎರಡನೇ ಜಾತಿನೇ ಬೇಕಿತ್ತು. ಕಾರಣ ತೀರಾ ಲೋಕಲ್ಲು. ಅಂಗಡಿಯಲ್ಲಿ ಅಕೌಂಟ್ಸ್ ನೋಡೋ ಅಕ್ಕ ಫೋನ್ ಮಾಡಿ "ಸ್ಕ್ರೀನಲ್ಲಿ ಎಲ್ಲಿ ಒತ್ಲಿ" ಅಂತ ಕೇಳಿದಾಗ ನನ್ನ ಕಂಪ್ಯೂಟರಲ್ಲಿ ಹೇಗಿದ್ಯೋ ಅವರ ಕಂಪ್ಯೂಟರಲ್ಲೂ ಹಾಗೇ ಇರ್ಬೇಕು, ಅವರದ್ದು ವಿಂಡೋಸ್ ಆಗ್ಲಿ ಉಬುಂಟು ಲಿನಕ್ಸ್ ಆಗ್ಲಿ. ಕ್ಯೂಟಿಯಲ್ಲಿ ಫ್ಯೂಷನ್ ಅಂತ ಒಂದು ಸ್ಟೈಲ್ ಇದೆ, ಅದನ್ನ ಹಾಕಿದ್ರೆ ಎಲ್ಲಾ ಕಡೆ ಒಂದೇ ಮುಖ. ಚಂದ ಅಂತ ಹೇಳಲ್ಲ, ಬೂದಿ ಬಣ್ಣದ ಸರ್ಕಾರಿ ಮುಖ, ಆದ್ರೆ ಒಂದೇ ಮುಖ.

ಈಗ ನಾನು ದುಡ್ಡು ಕೊಟ್ಟಾದ್ರೂ ತಗೊಳ್ತಿದ್ದೆ ಅನ್ನೋ ಭಾಗಕ್ಕೆ ಬರೋಣ. 2012ರ ಕೊನೇಲಿ ಕ್ಯೂಟಿ 5 ಬಂದಾಗ ಕ್ಯೂಪಿಎ ಅಂತ ಒಂದು ಪದರ ಹಾಕಿದ್ರು, ಕ್ಯೂಟಿ ಪ್ಲಾಟ್‌ಫಾರ್ಮ್ ಅಬ್ಸ್‌ಟ್ರಾಕ್ಷನ್. ಅಲ್ಲಿವರೆಗೂ ಎಕ್ಸ್‌ಗೆ, ವಿಂಡೋಸ್‌ಗೆ, ಮ್ಯಾಕ್‌ಗೆ ಅಂತ ಬರೆದ ಕೋಡ್ ಟೂಲ್‌ಕಿಟ್ ಹೊಟ್ಟೆಯೊಳಗೇ ಅಲ್ಲಲ್ಲಿ ಹೆಣ್ಕೊಂಡಿತ್ತು. ಕ್ಯೂಪಿಎ ಬಂದ್ಮೇಲೆ ಕಿಟಕಿ ವ್ಯವಸ್ಥೆ ಜೊತೆ ಮಾತಾಡೋ ಕೆಲಸ ಪೂರ್ತಿ ಒಂದು ಪ್ಲಗಿನ್‌ಗೆ ಹೋಯ್ತು. ಎಕ್ಸ್‌ಗೆ ಎಕ್ಸ್‌ಸಿಬಿ ಪ್ಲಗಿನ್, ವೇಲ್ಯಾಂಡ್‌ಗೆ ವೇಲ್ಯಾಂಡ್ ಪ್ಲಗಿನ್, ಮ್ಯಾಕ್‌ಗೆ ಕೊಕೊವಾ, ವಿಂಡೋಸ್‌ಗೆ ಅದರದ್ದು. ಪ್ರೋಗ್ರಾಂ ಅದೇ, ಓಡಿಸುವಾಗ ಎನ್ವಿರಾನ್‌ಮೆಂಟ್ ವೇರಿಯಬಲ್ ಅನ್ನೋ ಹೊರಗಿನ ಒಂದು ಸೆಟ್ಟಿಂಗ್ ಬದಲಾಯಿಸಿದ್ರೆ ಕೆಳಗಿನ ನೆಲಾನೇ ಬದಲು, ಮತ್ತೆ ಕಂಪೈಲ್ ಮಾಡೋದೂ ಬೇಡ. ಆಫ್‌ಸ್ಕ್ರೀನ್ ಅಂತ ಒಂದಿದೆ, ಅದು ಏನೂ ತೋರಿಸಲ್ಲ, ಟೆಸ್ಟ್ ಓಡಿಸೋಕೆ ಸೂಪರ್. ರಾತ್ರಿ ಮಲಗುವಾಗ ಬಿಲ್ಲಿಂಗ್ ಸ್ಕ್ರೀನ್‌ಗಳ ಟೆಸ್ಟೆಲ್ಲಾ ಮಾನಿಟರ್ ಇಲ್ಲದ ಮಿಷನ್ ಮೇಲೆ ಓಡುತ್ತೆ.

ಇದಕ್ಕೆ ಮುಂಚೆ 2008ರ ಕ್ಯೂಟಿ 4.4ರಲ್ಲೇ ಇನ್ನೊಂದು ಕೆಲಸ ಆಗಿತ್ತು, ಅದಿಲ್ದೆ ಇದೂ ಆಗ್ತಿರ್ಲಿಲ್ಲ ಅಂತ ನನ್ನ ಲೆಕ್ಕ. ಹಳೇ ಟೂಲ್‌ಕಿಟ್‌ಗಳಲ್ಲಿ ಪ್ರತಿ ಬಟನ್ನೂ ಎಕ್ಸ್ ಸರ್ವರ್‌ನಲ್ಲಿ ಒಂದೊಂದು ಕಿಟಕಿ, ಫಾರ್ಮ್‌ನಲ್ಲಿ ಐವತ್ತು ಡಬ್ಬಿ ಇದ್ರೆ ಐವತ್ತು ಕಿಟಕಿ, ಎಳೆದು ದೊಡ್ಡದು ಮಾಡಿದ್ರೆ ಒಂದೊಂದೇ ಮಿಣಮಿಣ ಅಂತ ಕುಣಿಯೋದು. 4.4ರಲ್ಲಿ ಹೊರಗಿನ ಒಂದು ಕಿಟಕಿ ಮಾತ್ರ ನಿಜವಾದ ಕಿಟಕಿ ಉಳಿಸಿ ಒಳಗಿನವೆಲ್ಲಾ ಕ್ಯೂಟಿಯ ಸ್ವಂತ ಲೆಕ್ಕಕ್ಕೆ ತಗೊಂಡ್ರು, ಮೌಸ್ ಯಾವ ಬಟನ್ ಮೇಲಿದೆ ಅಂತ ಹುಡುಕೋದೂ ಕ್ಯೂಟಿನೇ. ಮಾರನೇ ವರ್ಷ 2009ರಲ್ಲಿ ಜಿಟಿಕೆಯವರೂ 2.18ರಲ್ಲಿ ಅದೇ ದಾರಿ ಹಿಡಿದ್ರು. ಕಿಟಕಿ ವ್ಯವಸ್ಥೆಗೆ ಗೊತ್ತಿರೋದು ಇಷ್ಟೇ: ಇಲ್ಲೊಂದು ಚೌಕ ಇದೆ, ಒಳಗೆ ಏನೋ ಚಿತ್ರ ಇದೆ. ನಿಮ್ಮ ಬಿಲ್ಲು, ನಿಮ್ಮ ಓಟಿ, ಯಾವುದೂ ಅದಕ್ಕೆ ಗೊತ್ತಿಲ್ಲ.

ಇದರ ಬಿಸಿ ತಟ್ಟೋದು ಕ್ಯಾಮೆರಾ ಹಾಕೋವಾಗ. ಲಾರಿ ತೂಕ ಮಾಡೋ ಕಡೆ ನಂಬರ್ ಪ್ಲೇಟ್ ಫೋಟೊ ಬೇಕು ಅಂತಾರೆ, ಎಕ್ಸ್ ಕಾಲದ ಉದಾಹರಣೆಗಳೆಲ್ಲಾ ಏನು ಹೇಳ್ತವೆ, ವಿಜೆಟ್‌ನ ವಿಂಡೋ ನಂಬರ್ (ವಿಂಡೋ ಐಡಿ) ತಗೊಂಡು ಜಿಸ್ಟ್ರೀಮರ್ ಅನ್ನೋ ವಿಡಿಯೋ ಲೈಬ್ರರಿಗೆ ಕೊಡಿ, ಅದು ನೇರ ಅಲ್ಲೇ ವಿಡಿಯೋ ಬಿಡಿಸುತ್ತೆ ಅಂತ. ವೇಲ್ಯಾಂಡ್‌ನಲ್ಲಿ ಹಾಗೆ ಯಾರ ಕಿಟಕಿಗೆ ಯಾರು ಬೇಕಾದ್ರೂ ನುಗ್ಗೋ ನಂಬರೇ ಇಲ್ಲ. ಕ್ಯೂಟಿಯ ಸ್ವಂತ ವಿಡಿಯೋ ವಿಜೆಟ್ ಬಳಸಿ, ತಲೆನೋವಿಲ್ಲ, ಎರಡೂ ಕಡೆ ನಡೆಯುತ್ತೆ. ಅಂತರ್ಜಾಲದಲ್ಲಿ ಸಿಗೋ ಹಳೇ ಕೋಡ್ ಕಾಪಿ ಹೊಡೆಯೋ ಮುಂಚೆ ಅದರಲ್ಲಿ ವಿಂಡೋ ಐಡಿ ಅನ್ನೋ ಮಾತಿದ್ಯಾ ನೋಡಿ, ಇದ್ರೆ ಮುಂದಿನ ಪೇಜಿಗೆ ಹೋಗಿ.

ವೇಲ್ಯಾಂಡ್ ಅಂದ್ನಲ್ಲ. 2008ರಲ್ಲಿ ಕ್ರಿಸ್ಟಿಯನ್ ಹೊಗ್ಸ್‌ಬೆರ್ಗ್ ಶುರು ಮಾಡಿದ್ದು, 2012ರಲ್ಲಿ 1.0. ಎಕ್ಸ್‌ನಲ್ಲಿ ಸರ್ವರ್, ವಿಂಡೋ ಮ್ಯಾನೇಜರ್, ಎಲ್ಲಾ ಕಿಟಕಿ ಜೋಡಿಸಿ ಒಂದೇ ಚಿತ್ರ ಮಾಡೋ ಕಾಂಪೋಸಿಟರ್ ಅಂತ ಮೂರು ಜನ ಮಾಡ್ತಿದ್ದ ಕೆಲಸವನ್ನ ಇಲ್ಲಿ ಕಾಂಪೋಸಿಟರ್ ಒಂದೇ ಮಾಡುತ್ತೆ. ಗೆರೆ ಎಳೆ, ಅಕ್ಷರ ಬರಿ ಅಂತ ಅದಕ್ಕೆ ಹೇಳೋ ಹಾಗೇ ಇಲ್ಲ, ಆ್ಯಪ್ಪು ತನ್ನ ಚಿತ್ರ ತಾನೇ ಪೂರ್ತಿ ಮೆಮೊರಿಯಲ್ಲಿ ಬಿಡಿಸಿ ಆ ಬಫರ್ ಒಪ್ಪಿಸ್ಬೇಕು, ಅದು ಸ್ಕ್ರೀನ್ ಮೇಲೆ ಇಡುತ್ತೆ. ಅಂದ್ರೆ ಟೂಲ್‌ಕಿಟ್‌ಗಳು ಮೊದಲೇ ಮಾಡ್ಕೊಂಡು ಬರ್ತಿದ್ದದ್ದನ್ನೇ ಇಲ್ಲಿ ಕಾನೂನು ಮಾಡಿದ್ರು. ಫೆಡೋರಾ ಲಿನಕ್ಸ್ 2016ರಲ್ಲೇ ಇದಕ್ಕೆ ಹೋಯ್ತು, ಉಬುಂಟು ಒಂದ್ಸಲ ಹೋಗಿ ವಾಪಸ್ ಬಂದು ಮತ್ತೆ 2021ರಲ್ಲಿ ಹೋಯ್ತು, 2025ರ ಉಬುಂಟು 25.10ರಲ್ಲಿ ಗ್ನೋಮ್‌ನ ಎಕ್ಸ್ ಸೆಷನ್ ತೆಗೆದೇ ಹಾಕಿದ್ರು. ನೀವು ಬಿಟ್ರೂ ಅದು ಬಿಡಲ್ಲ ಅನ್ನೋ ಸ್ಥಿತಿ. ಹಳೇ ಎಕ್ಸ್ ಆ್ಯಪ್‌ಗಳಿಗೆ ಎಕ್ಸ್‌ವೇಲ್ಯಾಂಡ್ ಅನ್ನೋ ಮಧ್ಯವರ್ತಿ ಇದೆ, ಹಾಗಾಗಿ ಟಿಕೆಇಂಟರ್ ಪ್ರೋಗ್ರಾಂ ಏನೂ ನಿಂತುಹೋಗಲ್ಲ, ಆದ್ರೆ ಲ್ಯಾಪ್‌ಟಾಪ್‌ನಲ್ಲಿ ಎಲ್ಲಾ ದೊಡ್ಡದಾಗಿ ಕಾಣ್ಲಿ ಅಂತ 125 ಪರ್ಸೆಂಟ್ ಸ್ಕೇಲಿಂಗ್ ಇಟ್ಟಿದ್ರೆ ಆ ಕಿಟಕಿ ಕನ್ನಡಕ ಮನೇಲಿ ಬಿಟ್ಟುಬಂದವರಿಗೆ ಕಂಡಂಗೆ ಮಬ್ಬು ಮಬ್ಬು ಕಾಣುತ್ತೆ. ಕ್ಯೂಟಿ 6ರಲ್ಲಿ ಸ್ಕೇಲಿಂಗ್ ಯಾವಾಗ್ಲೂ ಆನ್, 125 ಅಂದ್ರೆ 125ಕ್ಕೇ ಬಿಡಿಸುತ್ತೆ, ವೇಲ್ಯಾಂಡ್ ಪ್ಲಗಿನ್ ಮೇಲೆ ಅಕ್ಷರ ಕ್ಲೀನ್ ಆಗಿ ನಿಲ್ಲುತ್ತೆ. ವಯಸ್ಸಾದ ಸಾಹುಕಾರ್ರುಗಳು ಮೊದಲು ಗುರುತಿಸಿದ್ದು ಇದನ್ನೇ, "ಈಗ ನಂಬರ್ ಚೆನ್ನಾಗಿ ಕಾಣುತ್ತೆ ಕಣಪ್ಪ" ಅಂದ್ರು.

ಒಂದು ಮಾರ್ಕ್ ಕಟ್ ಮಾಡಿದ್ದು ಎಲ್ಲಿ ಅಂದ್ರೆ ಇಲ್ಲೇ ಪಕ್ಕದಲ್ಲಿ. ವೇಲ್ಯಾಂಡ್‌ನಲ್ಲಿ ಆ್ಯಪ್‌ಗೆ ತಾನು ಸ್ಕ್ರೀನ್‌ನಲ್ಲಿ ಎಲ್ಲಿದೀನಿ ಅಂತ ಗೊತ್ತಾಗಲ್ಲ, ಇಲ್ಲಿ ಹೋಗಿ ಕೂರು ಅಂತ ಹೇಳೋಕೂ ಬರಲ್ಲ. ಕಿಟಕಿ ಎಲ್ಲಿಡಬೇಕು ಅನ್ನೋದು ಕಾಂಪೋಸಿಟರ್ ಇಷ್ಟ, ಬೇಕಂತಾನೇ ಹಾಗಿಟ್ಟಿರೋದು. ಈಗ ಇದನ್ನ ಟೂಲ್‌ಕಿಟ್‌ಗಳು ಹೇಗೆ ನಮಗೆ ಹೇಳ್ತವೆ ನೋಡಿ. ಜಿಟಿಕೆ 4ರವರು ಕಿಟಕಿ ಸರಿಸೋ ಫಂಕ್ಷನ್ನೇ ಕಿತ್ತು ಬಿಸಾಕಿದ್ರು. ಬೈಕೊಳ್ಳಿ, ಆದ್ರೆ ಇಲ್ಲ ಅಂದ್ರೆ ಇಲ್ಲ, ಕೋಡ್ ಓಡುವಾಗಲೇ ಎರರ್ ಬರುತ್ತೆ. ಕ್ಯೂಟಿ ಹಾಗಲ್ಲ, ಮೂವ್ ಅನ್ನೋ ಫಂಕ್ಷನ್ ಹಾಗೇ ಇದೆ, ಕರೆದ್ರೆ ಖುಷಿಯಾಗಿ ಬರುತ್ತೆ, ಎಕ್ಸ್ ಮೇಲೆ ಕಿಟಕಿ ಸರಿಯುತ್ತೆ, ವಿಂಡೋಸ್ ಮೇಲೆ ಸರಿಯುತ್ತೆ, ವೇಲ್ಯಾಂಡ್ ಮೇಲೆ ಏನೂ ಆಗಲ್ಲ, ಬಾಯೂ ಬಿಡಲ್ಲ. ಎಲ್ಲಾ ಕಡೆ ಒಂದೇ ಕೋಡ್ ಅನ್ನೋ ಮಾತು ಉಳಿಸ್ಕೊಳ್ಳೋಕೆ ಹೀಗೆ ಮಾಡ್ತಾರೆ ಅಂತ ಅರ್ಥ ಆಗುತ್ತೆ, ಆದ್ರೂ ನನಗೆ ಈ ವಿಷಯದಲ್ಲಿ ಜಿಟಿಕೆಯವರ ಒರಟುತನನೇ ಇಷ್ಟ. ಕೆಳಗಿನ ವ್ಯವಸ್ಥೆ ಆಗಲ್ಲ ಅಂದದ್ದನ್ನ ಟೂಲ್‌ಕಿಟ್ ಮುಚ್ಚಿಡಬಾರದು.

ಇದು ಬರೀ ಥಿಯರಿ ಅಂದ್ಕೋಬೇಡಿ. ಅಂಗಡಿಗಳಲ್ಲಿ ಎರಡನೇ ಮಾನಿಟರ್ ಇರುತ್ತೆ, ಬೆಳೆಗಾರರ ಕಡೆ ಮುಖ ಮಾಡಿ, ಮೂಟೆ ತೂಕ, ಮಾಯಿಶ್ಚರ್, ಓಟಿ ದೊಡ್ಡದಾಗಿ ಕಾಣಬೇಕು. ರೋಬಸ್ಟಾ ಚೆರ್ರಿ 50 ಕೆಜಿ ಮೂಟೆಯಲ್ಲಿ ಎಷ್ಟು ಕೆಜಿ ಬೀಜ ಬರುತ್ತೆ ಅನ್ನೋ ಆ ಓಟಿ ಮೇಲೇ ರೇಟು ನಿಲ್ಲೋದು, ಅರ್ಧ ಪಾಯಿಂಟ್‌ಗೂ ಮಾತುಕತೆ ನಡೆಯುತ್ತೆ, ಆ ಸ್ಕ್ರೀನ್ ಕಾಣ್ದೆ ಇದ್ರೆ ಬೆಳೆಗಾರರು ಒಪ್ಪಲ್ಲ, ಒಪ್ಪಬಾರದು ಕೂಡ. ಮೊದಲು ಕಿಟಕಿನ ಎಡದಿಂದ 1920ನೇ ಪಿಕ್ಸೆಲ್‌ಗೆ ಸರಿಸಿದ್ರೆ ಎರಡನೇ ಮಾನಿಟರ್‌ಗೆ ಹೋಗಿ ಕೂರ್ತಿತ್ತು. ವೇಲ್ಯಾಂಡ್‌ನಲ್ಲಿ ಆ ದಾರಿ ಬಂದ್. ಆದ್ರೆ "ಈ ಮಾನಿಟರ್‌ನಲ್ಲಿ ಫುಲ್‌ಸ್ಕ್ರೀನ್ ಆಗು" ಅಂತ ಕೇಳೋಕೆ ಪ್ರೊಟೊಕಾಲ್‌ನಲ್ಲೇ ಜಾಗ ಇದೆ, ಕ್ಯೂಟಿಯಲ್ಲಿ ಕಿಟಕಿಗೆ ಮೊದಲು ಸ್ಕ್ರೀನ್ ಯಾವುದು ಅಂತ ಸೆಟ್ ಮಾಡಿ ಆಮೇಲೆ ಫುಲ್‌ಸ್ಕ್ರೀನ್ ತೋರಿಸು ಅಂದ್ರೆ ಅಲ್ಲೇ ಹೋಗಿ ಕೂರುತ್ತೆ. ಎಕ್ಸ್, ವಿಂಡೋಸ್‌ಗೆ ಅಷ್ಟೇ ಸಾಲಲ್ಲ, ಕಿಟಕಿನ ಆ ಸ್ಕ್ರೀನಿನ ಮೂಲೆಗೆ ಸರಿಸೋ ಸಾಲೂ ಒಂದು ಹಾಕಿ. ಗೊತ್ತಿದ್ರೆ ಎರಡು ಮೂರು ಸಾಲಿನ ಕೆಲಸ.

ಮೇಲ್ಪಟ್ಟಿ ಗಲಾಟೆ ಒಂದಿದೆ, ಬೇಗ ಹೇಳಿ ಮುಗಿಸ್ತೀನಿ. ಕೆಡಿಇಯಲ್ಲಿ ಕಾಂಪೋಸಿಟರ್ರೇ ಕಿಟಕಿಗೆ ಪಟ್ಟಿ ಹಾಕಿಕೊಡುತ್ತೆ, ಗ್ನೋಮ್ ಹಾಕಲ್ಲ, ನೀನೇ ಬಿಡಿಸ್ಕೋ ಅನ್ನುತ್ತೆ. ಹಾಗಾಗಿ ಗ್ನೋಮ್ ಮೇಲೆ ಕ್ಯೂಟಿ ಆ್ಯಪ್‌ನ ಪಟ್ಟಿ ಪಕ್ಕದ ಆ್ಯಪ್‌ಗಿಂತ ಸ್ವಲ್ಪ ಬೇರೆ ಕಾಣುತ್ತೆ. ಕಾಫಿ ಅಂಗಡಿಯಲ್ಲಿ ಯಾರೂ ಕೇಳಿಲ್ಲ.

ಕನ್ನಡದ ವಿಷಯಕ್ಕೆ ಬಂದ್ರೆ ಮಾತ್ರ ನಾನು ಸ್ವಲ್ಪ ಉದ್ದ ಮಾತಾಡ್ತೀನಿ, ಕ್ಷಮಿಸಿ. ಹಿಂದೆ ಎಕ್ಸ್‌ನಲ್ಲಿ ಫಾಂಟ್ ಸರ್ವರ್ ಕಡೆ ಇರ್ತಿತ್ತು, ಈ ಫಾಂಟಲ್ಲಿ ಈ ಅಕ್ಷರ ಇಲ್ಲಿ ಬರಿ ಅಂತ ಆ್ಯಪ್ ಹೇಳೋದು. ಇಂಗ್ಲಿಷ್‌ಗೆ ಸಾಕು. ನಮ್ಮ ಲಿಪಿಗೆ ಎಲ್ಲಿ ಸಾಲುತ್ತೆ, ಒತ್ತಕ್ಷರ ಕೆಳಗೆ ಹೋಗ್ಬೇಕು, ಕೊಂಬು, ಏತ್ವ ಅಕ್ಷರದ ಜೊತೆ ಕೂಡ್ಕೊಂಡು ಆಕಾರಾನೇ ಬದಲಾಗ್ಬೇಕು, ಅರ್ಕಾವತ್ತು ಅಂತೂ ಉಚ್ಚಾರದಲ್ಲಿ ಮೊದಲು ಬಂದು ಬರವಣಿಗೆಯಲ್ಲಿ ಕೊನೆಗೆ ಹೋಗಿ ಕೂರುತ್ತೆ. ಆಮೇಲೆ ಅಕ್ಷರ ಬಿಡಿಸೋ ಕೆಲಸ ಪೂರ್ತಿ ಆ್ಯಪ್ ಕಡೆಗೆ ಬಂತು, ವೇಲ್ಯಾಂಡ್‌ನಲ್ಲಂತೂ ಫಾಂಟ್ ಅನ್ನೋ ಕಲ್ಪನೆನೇ ಇಲ್ಲ. ಅಂದ್ರೆ ಕನ್ನಡ ಸರಿಯಾಗಿ ಕಾಣುತ್ತಾ ಇಲ್ವಾ ಅನ್ನೋದು ಈಗ ನೂರಕ್ಕೆ ನೂರು ಟೂಲ್‌ಕಿಟ್ ಕೈಲಿದೆ. ಲಿನಕ್ಸ್‌ನಲ್ಲಿ ಟಿಕೆಇಂಟರ್ ಕೆಳಗಿರೋ ಟಿಕೆ 8.6 ಈ ಅಕ್ಷರ ಕೂಡಿಸೋ ಕೆಲಸ ಮಾಡಲ್ಲ, ಲಕ್ಷ್ಮಣೇಗೌಡರ ಹೆಸರು ಹಾಕಿದ್ರೆ ಕ, ಷ ಎರಡೂ ಹಲಂತ ಹೊತ್ಕೊಂಡು ಮ ಜೊತೆ ಬಿಡಿಬಿಡಿಯಾಗಿ ಸಾಲಾಗಿ ನಿಂತಿರುತ್ತೆ, ಕೃಷ್ಣಪ್ಪನವರದ್ದೂ ಅದೇ ಗತಿ. ಇಷ್ಟು ವರ್ಷ ಪಾರ್ಟಿ ಹೆಸರೆಲ್ಲಾ ಇಂಗ್ಲಿಷಲ್ಲಿ ಇಡಬೇಕಾಗಿದ್ದಕ್ಕೆ ಇದೇ ಕಾರಣ. ಕ್ಯೂಟಿ ಒಳಗೆ ಹಾರ್ಫ್‌ಬಜ್ ಅನ್ನೋ ಅಕ್ಷರ ಕೂಡಿಸೋ ಲೈಬ್ರರಿ ಇದೆ, ಜಿಟಿಕೆಯಲ್ಲಿ ಪ್ಯಾಂಗೋ ಜೊತೆ ಅದೇ ಹಾರ್ಫ್‌ಬಜ್ ಇದೆ, ಎರಡರಲ್ಲೂ ಕನ್ನಡ ಚೊಕ್ಕಟವಾಗಿ ಬರುತ್ತೆ. ನೋಟೊ ಸ್ಯಾನ್ಸ್ ಕನ್ನಡ ಫಾಂಟ್ ಆ್ಯಪ್ ಜೊತೆಗೇ ಕಟ್ಟಿ ಕಳಿಸ್ತೀನಿ, ಆ ಮಿಷನ್‌ನಲ್ಲಿ ಯಾವ ಫಾಂಟ್ ಇದ್ಯೋ ಇಲ್ವೋ ಅನ್ನೋ ಚಿಂತೆ ಇಲ್ಲ.

ಕಾಣೋದು ಒಂದಾದ್ರೆ ಟೈಪ್ ಮಾಡೋದು ಇನ್ನೊಂದು. ಎಸ್ಟೇಟ್ ರೈಟರ್‌ಗಳು, ಅಂಗಡಿ ಗುಮಾಸ್ತರು ಕೆಜಿಪಿ ಕೀಬೋರ್ಡಿಗೆ ಒಗ್ಗಿರೋರು, ನುಡಿಯಲ್ಲಿ ಕಲಿತ ಕೈ. ಲಿನಕ್ಸ್‌ನಲ್ಲಿ ಐಬಸ್ ಅನ್ನೋ ಟೈಪಿಂಗ್ ಸಾಫ್ಟ್‌ವೇರ್ ಮೂಲಕ ಕೆಜಿಪಿ ಸಿಗುತ್ತೆ. ಆದ್ರೆ ಕೀ ಒತ್ತಿದ್ದು ಮೊದಲು ಐಬಸ್‌ಗೆ ಹೋಗಿ ಅಲ್ಲಿಂದ ಅಕ್ಷರವಾಗಿ ಆ್ಯಪ್‌ಗೆ ಬರ್ಬೇಕಲ್ಲ, ಆ ದಾರಿ ಮಾಡ್ಕೊಡೋದು ಟೂಲ್‌ಕಿಟ್. ಎಕ್ಸ್‌ನಲ್ಲಿ ಟೂಲ್‌ಕಿಟ್‌ಗೆ ಒಂದೊಂದು ಮಾಡ್ಯೂಲ್, ಒಂದೊಂದು ವೇರಿಯಬಲ್, ಜಿಟಿಕೆಗೆ ಬೇರೆ, ಕ್ಯೂಟಿಗೆ ಬೇರೆ, ಹಳೇವಕ್ಕೆ ಎಕ್ಸ್‌ಐಎಂ ಬೇರೆ, ಒಂದು ಬಿಟ್ರೆ ಆ ಆ್ಯಪ್‌ನಲ್ಲಿ ಕನ್ನಡ ಬರಲ್ಲ. ವೇಲ್ಯಾಂಡ್‌ನಲ್ಲಿ ಇದಕ್ಕೆ ಅಂತ ಟೆಕ್ಸ್ಟ್ ಇನ್‌ಪುಟ್ ಪ್ರೊಟೊಕಾಲ್ ಇದೆ, ಕಾಂಪೋಸಿಟರ್ ಮಧ್ಯೆ ನಿಂತು ಕೊಟ್ಟು ತಗೊಂಡು ಮಾಡುತ್ತೆ, ಸ್ವಲ್ಪ ಮರ್ಯಾದೆಯಾದ ವ್ಯವಸ್ಥೆ. ಪೈಥಾನ್‌ನ ಇನ್‌ಸ್ಟಾಲರ್ ಪಿಪ್‌ನಲ್ಲಿ ಸಿಗೋ ಪೈಸೈಡ್ ಜೊತೆ ಐಬಸ್ ಪ್ಲಗಿನ್ ಬರುತ್ತೆ, ಐಬಸ್ ತರದ್ದೇ ಎಫ್‌ಸಿಐಟಿಎಕ್ಸ್ ಬಳಸೋರಿಗೆ ಅದರ ಪ್ಲಗಿನ್ ಬರಲ್ಲ, ಅವರು ತಮ್ಮ ಲಿನಕ್ಸ್ ಡಿಸ್ಟ್ರೋದವರು (ಉಬುಂಟು, ಫೆಡೋರಾ ಅಂಥವರು) ಕೊಡೋ ಕ್ಯೂಟಿ ಹಾಕ್ಕೊಳ್ಳಿ.

ಕಿಟಕಿ ವ್ಯವಸ್ಥೆನೇ ಇಲ್ದೆ ಓಡೋ ಕ್ಯೂಟಿ ನೋಡಿದೀರಾ? ಎಸ್ಟೇಟಲ್ಲಿ ಕಣದ ಪಕ್ಕ ತೂಕದ ಶೆಡ್‌ನಲ್ಲಿ ರಾಸ್ಪ್‌ಬೆರಿ ಪೈ ಅನ್ನೋ ಒಂದು ಪುಟ್ಟ ಕಂಪ್ಯೂಟರ್, ಒಂದು ಟಚ್‌ಸ್ಕ್ರೀನ್, ತೂಕದ ಮಿಷನ್‌ಗೆ ಸೀರಿಯಲ್ ಕೇಬಲ್. ಅಲ್ಲಿ ಡೆಸ್ಕ್‌ಟಾಪ್ ಯಾಕೆ ಬೇಕು ಹೇಳಿ, ಯಾರೋ ಬ್ರೌಸರ್ ತೆಗೀತಾರೆ, ಯಾರೋ ವಾಲ್‌ಪೇಪರ್ ಬದಲಾಯಿಸ್ತಾರೆ. ಇಜಿಎಲ್‌ಎಫ್‌ಎಸ್ ಅನ್ನೋ ಪ್ಲಗಿನ್ ಹಾಕಿದ್ರೆ ಕ್ಯೂಟಿ ಎಕ್ಸ್‌ನ್ನೂ ಕೇಳಲ್ಲ ವೇಲ್ಯಾಂಡ್‌ನ್ನೂ ಕೇಳಲ್ಲ, ನೇರ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಡಿಸ್ಪ್ಲೇ ಡ್ರೈವರ್ ಹಿಡ್ಕೊಂಡು ಸ್ಕ್ರೀನ್ ತುಂಬಾ ತಾನೇ ಬಿಡಿಸುತ್ತೆ, ಟಚ್ಚೂ ತಾನೇ ಓದುತ್ತೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂತು ಅಂದ್ರೆ ಪೈ ಆನ್ ಆಗಿ ಸೀದಾ ತೂಕದ ಸ್ಕ್ರೀನಿಗೆ ಬಂದು ನಿಲ್ಲುತ್ತೆ. ಅಂಗಡಿಯ ವಿಂಡೋಸ್ ಮಿಷನ್‌ನಲ್ಲಿರೋ ಅದೇ ಪೈಥಾನ್ ಫೈಲ್, ಅದೇ ಬೂದಿ ಬಣ್ಣದ ಬಟನ್. ಜಿಟಿಕೆ 4ರಲ್ಲಿ ಇದಕ್ಕೆ ಸಾಟಿ ಇಲ್ಲ, ಅದಕ್ಕೆ ಕೆಳಗೆ ಯಾರಾದ್ರೂ ಇರ್ಲೇಬೇಕು. ನನ್ನ ಮಟ್ಟಿಗೆ ಕ್ಯೂಟಿ ಗೆದ್ದಿದ್ದು ಈ ಶೆಡ್‌ನಲ್ಲಿ. ಅಂದ್ಹಾಗೆ ಸೀರಿಯಲ್ ಪೋರ್ಟ್ ಓದೋಕೂ ಕ್ಯೂಟಿಯಲ್ಲೇ ಮಾಡ್ಯೂಲ್ ಇದೆ, ಬೇರೆ ಹುಡುಕೋದು ಬೇಡ.

ದೂರದಿಂದ ನೋಡೋ ವಿಷಯ. ಎಕ್ಸ್‌ಗೆ ಒಂದು ಹಳೇ ಹೆಮ್ಮೆ ಇದೆ, ಪ್ರೋಗ್ರಾಂ ಒಂದು ಮಿಷನ್‌ನಲ್ಲಿ ಓಡಿ ಕಿಟಕಿ ಇನ್ನೊಂದು ಮಿಷನ್‌ನಲ್ಲಿ ತೆರೆಯುತ್ತೆ, ನೆಟ್‌ವರ್ಕ್ ಮೇಲೆ. ಮೋಟಿಫ್ ಕಾಲದಲ್ಲಿ ಹೋಗ್ತಿದ್ದದ್ದು ಗೆರೆ ಎಳೆ, ಅಕ್ಷರ ಬರಿ ಅನ್ನೋ ಪುಟ್ಟ ಆಜ್ಞೆಗಳು. ಈಗ ಟೂಲ್‌ಕಿಟ್ ಎಲ್ಲಾ ತಾನೇ ಬಿಡಿಸಿ ಚಿತ್ರ ಕಳ್ಸುತ್ತೆ, ಹಾಗಾಗಿ ಕಳಸದ ಕಡೆ ಗುಡ್ಡದ ಮೇಲಿನ ನೆಟ್‌ವರ್ಕ್‌ನಲ್ಲಿ ಎಸ್‌ಎಸ್‌ಎಚ್ ಅನ್ನೋ ಭದ್ರ ಸಂಪರ್ಕದ ಮೂಲಕ ಕಿಟಕಿ ತೆಗೆದ್ರೆ ಒಂದು ಕ್ಲಿಕ್ ಮಾಡಿ ಕಾಫಿ ಕುಡ್ಕೊಂಡು ಬರ್ಬಹುದು. ಟೂಲ್‌ಕಿಟ್‌ಗಳು ಬದಲಾದ ರೀತಿಗೆ ಎಕ್ಸ್‌ನ ಆ ಹೆಮ್ಮೆ ಯಾವತ್ತೋ ಖಾಲಿ ಆಗಿದೆ, ವೇಲ್ಯಾಂಡ್ ಅದನ್ನ ಕಿತ್ಕೊಂಡಿತು ಅಂತ ಅಳೋರು ಇದನ್ನ ಯೋಚ್ನೆ ಮಾಡಲ್ಲ. ಕ್ಯೂಟಿಯಲ್ಲಿ ದೂರದಿಂದ ಸ್ಕ್ರೀನ್ ನೋಡೋಕೆ ವಿಎನ್‌ಸಿ ಪ್ಲಗಿನ್ ಇದೆ, ಆ್ಯಪ್ ತಾನೇ ವಿಎನ್‌ಸಿ ಸರ್ವರ್ ಆಗಿಬಿಡುತ್ತೆ. ಅದನ್ನ ಬಟ್ಟಾಬಯಲಲ್ಲಿ ಇಡ್ಬೇಡಿ, ಎಸ್‌ಎಸ್‌ಎಚ್ ಸುರಂಗದ ಒಳಗೇ ಬಿಡಿ.

ಜಿಟಿಕೆ 4 ಬಗ್ಗೆ ಎರಡು ಮಾತು, ಅನ್ಯಾಯ ಆಗಬಾರದು. ನಿಮ್ಮ ಆ್ಯಪ್ ಗ್ನೋಮ್ ಮೇಲೆ ಮಾತ್ರ ಓಡೋದಾದ್ರೆ ಕಣ್ಣು ಮುಚ್ಚಿ ಅದನ್ನೇ ತಗೊಳ್ಳಿ, ನೋಡೋಕೂ ಕ್ಯೂಟಿ ವಿಜೆಟ್‌ಗಿಂತ ಲಕ್ಷಣವಾಗಿದೆ. 2025ರ 4.18ರಲ್ಲಿ ಎಕ್ಸ್11 ಬ್ಯಾಕೆಂಡ್ ಇನ್ನು ಹೋಗೋ ಲಿಸ್ಟಲ್ಲಿದೆ ಅಂತ ಘೋಷಣೆನೂ ಮಾಡಿದ್ರು, ಜಿಟಿಕೆ 5ರಲ್ಲಿ ಇರಲ್ಲ. ವಿಂಡೋಸ್‌ನಲ್ಲಿ ಹಾಕೋಕೆ ಎಂಎಸ್‌ವೈಎಸ್2 ಅನ್ನೋ ಬೇರೆ ಸಾಫ್ಟ್‌ವೇರ್ ಕಟ್ಟು ತರದ್ದರ ಮೂಲಕ ಸುತ್ತಿ ಹೋಗ್ಬೇಕು, ನಮ್ಮೂರಲ್ಲಿ ಮುಕ್ಕಾಲು ಪಾಲು ಅಂಗಡಿ ವಿಂಡೋಸೇ ಆದ್ರಿಂದ ನನಗೆ ಅಲ್ಲಿಗೆ ಅದು ಮುಗೀತು. ಎಲೆಕ್ಟ್ರಾನ್ ಹಾಕಿ ಅಂತ ಕಾಲೇಜು ಹುಡುಗರು ಹೇಳ್ತಾರೆ, ಒಂದು ಚೀಟಿ ಪ್ರಿಂಟ್ ಮಾಡೋಕೆ ಅದರ ಜೊತೆ ಬರೋ ಪೂರ್ತಿ ಕ್ರೋಮಿಯಂ ಬ್ರೌಸರ್ ಹೊತ್ಕೊಂಡು ಹೋಗೋ ಅಷ್ಟು ರ‍್ಯಾಮ್ ಆ ಮಿಷನ್‌ಗಳಲ್ಲಿ ಇಲ್ಲ ಮಾರಾಯ್ರೆ.

ಕ್ಯೂಟಿ ಕೂಡ ಹಗುರ ಏನಲ್ಲ, ಪೈಸೈಡ್ ಪೂರ್ತಿ ಇಳಿಸಿದ್ರೆ ನೂರಾರು ಎಂಬಿ, ಎಸೆನ್ಷಿಯಲ್ಸ್ ಅನ್ನೋ ಸಣ್ಣ ಪ್ಯಾಕೇಜ್ ಮಾತ್ರ ಹಾಕಿ, ಬಿಲ್ಲಿಂಗ್‌ನಂಥ ಸ್ಕ್ರೀನ್‌ಗೆ ಅದು ಧಾರಾಳ. 6.5ರಿಂದ ಈಚೆಗೆ ಎಕ್ಸ್‌ಸಿಬಿ ಪ್ಲಗಿನ್‌ಗೆ ಎಕ್ಸ್‌ಸಿಬಿ-ಕರ್ಸರ್ ಅನ್ನೋ ಲೈಬ್ರರಿ ಬೇಕೇ ಬೇಕು, ಹೊಸ ಮಿಷನ್‌ನಲ್ಲಿ ಎಷ್ಟೋ ಸಲ ಅದು ಇರಲ್ಲ, ಆಗ ಪ್ಲಾಟ್‌ಫಾರ್ಮ್ ಪ್ಲಗಿನ್ ಲೋಡ್ ಆಗ್ಲಿಲ್ಲ ಅಂತ ಹೇಳಿ ಆ್ಯಪ್ ಅಲ್ಲೇ ಬಿದ್ದುಹೋಗುತ್ತೆ, ಇನ್‌ಸ್ಟಾಲ್ ಸ್ಕ್ರಿಪ್ಟ್‌ನಲ್ಲೇ ಸೇರಿಸ್ಬಿಡಿ. ಲೈಸೆನ್ಸ್ ವಿಷಯ: ಪೈಸೈಡ್ ಎಲ್‌ಜಿಪಿಎಲ್ ಅನ್ನೋ ಸಡಿಲ ಮುಕ್ತ ಲೈಸೆನ್ಸ್‌ನಲ್ಲಿ ಸಿಗುತ್ತೆ, ಕ್ಯೂಟಿಯ ಇನ್ನೊಂದು ಪೈಥಾನ್ ರೂಪ ಪೈಕ್ಯೂಟಿ ಬಿಗಿಯಾದ ಜಿಪಿಎಲ್ ಇಲ್ಲಾ ದುಡ್ಡು. ಸೋರ್ಸ್ ಕೊಡದೆ ಮಾರೋರು ಪೈಸೈಡೇ ತಗೊಳ್ಳಿ, ತಗೊಂಡ್ಮೇಲೂ ಲೈಸೆನ್ಸ್ ಷರತ್ತು ಓದಿ. ಕೆಲವು ಮಾಡ್ಯೂಲ್, ಉದಾಹರಣೆಗೆ ವರ್ಚುವಲ್ ಕೀಬೋರ್ಡ್, ಎಲ್‌ಜಿಪಿಎಲ್‌ನಲ್ಲಿ ಬರಲ್ಲ, ಜಿಪಿಎಲ್ ಅಥವಾ ಕಮರ್ಷಿಯಲ್. ಶೆಡ್‌ನ ಟಚ್‌ಸ್ಕ್ರೀನಿಗೆ ನಾನು ಬರೀ ಅಂಕಿಗಳ ಪುಟ್ಟ ಕೀಪ್ಯಾಡ್ ಬರ್ಕೊಂಡಿದ್ದು ಅದಕ್ಕೇ.

ಹಾಕೋರಿಗೆ ಒಂದು ಕೆಲಸದ ಟಿಪ್. ಕ್ಯೂಟಿಗೆ ಪ್ಲಾಟ್‌ಫಾರ್ಮ್ ನೇಮ್ ಅಂತ ಒಂದು ಫಂಕ್ಷನ್ ಇದೆ, ಈಗ ಎಕ್ಸ್‌ಸಿಬಿ ಮೇಲಿದೀನೋ, ವೇಲ್ಯಾಂಡ್ ಮೇಲಿದೀನೋ, ವಿಂಡೋಸ್ ಮೇಲಿದೀನೋ ಅಂತ ಒಂದು ಪದದಲ್ಲಿ ಹೇಳುತ್ತೆ. ಅದನ್ನ ಆ್ಯಪ್‌ನ ಕೆಳಗಡೆ ಸ್ಟೇಟಸ್ ಪಟ್ಟಿಯಲ್ಲಿ, ವರ್ಷನ್ ನಂಬರ್ ಪಕ್ಕ ಸಣ್ಣಕ್ಷರದಲ್ಲಿ ಹಾಕಿಡಿ. ಅಂಗಡಿಯಿಂದ "ಕಿಟಕಿ ಎಲ್ಲೋ ಹೋಯ್ತು", "ಕನ್ನಡ ಬರ್ತಿಲ್ಲ", "ಮಬ್ಬಾಗಿದೆ" ಅಂತ ಫೋನ್ ಬಂದಾಗ ನಾನು ಮೊದಲು ಕೇಳೋದು "ಅಕ್ಕ, ಎಡಗಡೆ ಮೂಲೇಲಿ ಕೆಳಗೆ ಏನ್ ಬರ್ದಿದೆ ಓದಿ" ಅಂತ. ಅವರು ಓದೋದ್ರೊಳಗೆ ಯಾವ ಕಡೆ ಹುಡುಕ್ಬೇಕು ಅಂತ ಅರ್ಧ ಗೊತ್ತಾಗಿರುತ್ತೆ.